ಅಳತೆಗೋಲು ಬದಲಾದ ಬಗೆ



ಅಮೆರಿಕದಲ್ಲಿ ಇವ್ಯಾಂಜೆಲಿಕಲ್ ಎಂದು ಕರೆಸಿಕೊಳ್ಳುವ ಕ್ರೈಸ್ತರು ಬೈಬಲ್ಲನ್ನೇ ಪರಮ ಪ್ರಮಾಣವೆಂದೂ, ಯೇಸುವಿನಲ್ಲಿ ಮನುಷ್ಯನು ಮರುಹುಟ್ಟು ಪಡೆಯಬೇಕೆಂದೂ ನಂಬುವವರು. ಇದೇ ನಂಬಿಕೆಯ ಕಪ್ಪು ಜನರ ಚರ್ಚುಗಳೂ ಅಲ್ಲಿ ಬಹಳ. ಅವರ ಮತವಾದರೋ ಬಹುತೇಕ ಡೆಮಾಕ್ರಟಿಕ್ ಪಕ್ಷಕ್ಕೆ. ಆದುದರಿಂದಲೇ ಚುನಾವಣೆಯ ಲೆಕ್ಕದಲ್ಲಿ ‘ಬಿಳಿಯ’ ಎಂಬ ವಿಶೇಷಣ ಬೇಕಾಯಿತು. ಒಂದೇ ಗ್ರಂಥವನ್ನು ಓದಿದವರು ಎರಡು ಪಕ್ಷಗಳಿಗೆ ಹಂಚಿಹೋದರೆ, ಆ ಆಯ್ಕೆಯ ಹಿಂದೆ ಗ್ರಂಥವೊಂದೇ ಇರಲಾರದು.

1998ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಪ್ರಕರಣ ಬಯಲಾಯಿತು. ಅದೇ ವರ್ಷ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಒಂದು ಠರಾವನ್ನು ಅಂಗೀಕರಿಸಿತು. ನಾಯಕರ ಘೋರ ದೋಷಗಳನ್ನು ಸಹಿಸಿದ ಸಮಾಜದ ಅಂತಃಸಾಕ್ಷಿ ಮರಗಟ್ಟುತ್ತದೆ, ದೈವದ ದಂಡನೆಯೂ ತಪ್ಪದು ಎಂಬುದು ಅದರ ತಾತ್ಪರ್ಯ.

ಖಾಸಗಿ ಬದುಕಿನಲ್ಲಿ ಅನೀತಿವಂತನಾದವನು ಅಧಿಕಾರದಲ್ಲಿ ನೀತಿಯಿಂದ ನಡೆಯಬಲ್ಲನೇ? 2011ರಲ್ಲಿ ಪಿಆರ್‌ಆರ್‌ಐ ಸಂಸ್ಥೆ ಈ ಪ್ರಶ್ನೆ ಕೇಳಿದಾಗ ಬಿಳಿಯ ಇವ್ಯಾಂಜೆಲಿಕಲ್ಲರಲ್ಲಿ ಶೇಕಡಾ 30 ಮಂದಿ ಮಾತ್ರ ಹೌದೆಂದರು. 2016ರ ಅಕ್ಟೋಬರಿನಲ್ಲಿ ಹೌದೆಂದವರು ಶೇಕಡಾ 72. ನಡುವಿನ ಐದು ವರ್ಷಗಳಲ್ಲಿ ಬೈಬಲ್ಲಿನ ಒಂದಕ್ಷರವೂ ಬದಲಾಗಿರಲಿಲ್ಲ. ಬಂದಿದ್ದವನು ಒಬ್ಬ ಅಭ್ಯರ್ಥಿ: ಮೂರು ಬಾರಿ ವಿವಾಹವಾದ, ಕ್ಯಾಸಿನೋಗಳನ್ನು ನಡೆಸಿದ್ದ ಡೊನಾಲ್ಡ್ ಟ್ರಂಪ್. ಸ್ತ್ರೀಯರ ವಿಷಯದಲ್ಲಿ ಆತನಾಡಿದ ಹೀನ ಮಾತುಗಳ ಧ್ವನಿಮುದ್ರಿಕೆ ಅದೇ ಅಕ್ಟೋಬರಿನಲ್ಲಿ ಹೊರಬಂತು. ನವೆಂಬರಿನ ಮತಗಟ್ಟೆ ಸಮೀಕ್ಷೆಯಂತೆ ಈ ಸಮುದಾಯದ ಶೇಕಡಾ 80ರಷ್ಟು ಮತ ಆತನಿಗೇ ಸಂದಿತು.

ಇದನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 1973ರಲ್ಲಿ ಗರ್ಭಪಾತವನ್ನು ಹಕ್ಕೆಂದು ಸಾರಿದ ರೋ ತೀರ್ಪು ಅವರಲ್ಲಿ ಅನೇಕರ ಪಾಲಿಗೆ ಜೀವಹತ್ಯೆಗೆ ಕೊಟ್ಟ ಪರವಾನಗಿಯಾಗಿತ್ತು. ಪರ್ಷಿಯಾದ ದೊರೆ ಸೈರಸ್ ಯೆಹೂದ್ಯನಲ್ಲದೆಯೂ ಯೆಹೂದ್ಯರನ್ನು ಸೆರೆಯಿಂದ ಬಿಡಿಸಲಿಲ್ಲವೇ, ಟ್ರಂಪ್ ಕೂಡ ಅಂತಹುದೇ ಒಂದು ಉಪಕರಣ ಎಂದು ಕೆಲವು ಬೋಧಕರು ಸಮರ್ಥಿಸಿದರು. ಕೊಟ್ಟ ಮಾತನ್ನು ಟ್ರಂಪ್ ಉಳಿಸಿಕೊಂಡದ್ದೂ ನಿಜ: ಆತ ನೇಮಿಸಿದ ಮೂವರು ನ್ಯಾಯಮೂರ್ತಿಗಳು ಸೇರಿದ ಬಹುಮತದಿಂದ ಸುಪ್ರೀಂ ಕೋರ್ಟು 2022ರ ಜೂನ್ 24ರಂದು ರೋ ತೀರ್ಪನ್ನು ರದ್ದುಗೊಳಿಸಿತು.

ಬೆಲೆ ತೆತ್ತವರು ಒಳಗಿನವರೇ. ಬಿಲ್ಲಿ ಗ್ರಹಾಂ ಸ್ಥಾಪಿಸಿದ ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಯಲ್ಲಿ ಸಂಪಾದಕ ಮಾರ್ಕ್ ಗ್ಯಾಲಿ 2019ರ ಡಿಸೆಂಬರಿನಲ್ಲಿ ಟ್ರಂಪ್‌ರನ್ನು ಪದಚ್ಯುತಗೊಳಿಸಬೇಕೆಂದು ಬರೆದರು. ನಮ್ಮ ತಂದೆ ಟ್ರಂಪ್‌ಗೇ ಮತ ಹಾಕಿದ್ದರೆಂದು ಗ್ರಹಾಮರ ಮಗ ಫ್ರಾಂಕ್ಲಿನ್ ಒಡನೆಯೇ ಉತ್ತರ ಕೊಟ್ಟರು. (ತೀರಿಕೊಂಡ ತಂದೆಯ ಮತವನ್ನೂ ಸಾಕ್ಷಿಗೆ ಕರೆಯಬೇಕಾಯಿತು!) ಸದರ್ನ್ ಬ್ಯಾಪ್ಟಿಸ್ಟರ ನೀತಿ ಆಯೋಗದ ಮುಖ್ಯಸ್ಥ ರಸೆಲ್ ಮೂರ್ ಮೊದಲಿನಿಂದ ಟ್ರಂಪ್‌ರನ್ನು ವಿರೋಧಿಸಿದ್ದರು, 2017ರಲ್ಲಿ ನೂರಕ್ಕೂ ಹೆಚ್ಚು ಚರ್ಚುಗಳು ವಂತಿಗೆ ನಿಲ್ಲಿಸುವುದಾಗಿ ಬೆದರಿಸಿದವು. 2021ರಲ್ಲಿ ಅವರು ಆ ಬಳಗವನ್ನೇ ತೊರೆದರು.

2024ರ ಜುಲೈಯಲ್ಲಿ ರಿಪಬ್ಲಿಕನ್ ಪಕ್ಷವು ದೇಶವ್ಯಾಪಿ ಗರ್ಭಪಾತ ನಿಷೇಧದ ತನ್ನ ಹಳೆಯ ಬೇಡಿಕೆಯನ್ನು ಪ್ರಣಾಳಿಕೆಯಿಂದ ಕೈಬಿಟ್ಟಿತು. ಆ ನವೆಂಬರಿನಲ್ಲಿಯೂ ಬಿಳಿಯ ಇವ್ಯಾಂಜೆಲಿಕಲ್ಲರಲ್ಲಿ ಹತ್ತಕ್ಕೆ ಎಂಟು ಮಂದಿಯಷ್ಟು ಟ್ರಂಪ್‌ಗೇ ಮತವಿತ್ತರು.