ಮಂಜೀರಾ ನೀರುಂಟು, ಬ್ಯಾಚಲರಿಗಿಲ್ಲ



ಹೈದರಾಬಾದಿನ ಗಲ್ಲಿಗಳಲ್ಲಿ ಗೇಟಿಗೆ ತೂಗುಹಾಕಿದ ಟು-ಲೆಟ್ ಹಲಗೆಗಳನ್ನು ಓದುತ್ತ ಹೋದರೆ ಎರಡು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು, ‘ಮಂಜೀರಾ ನೀರು ಇದೆ’. ಇನ್ನೊಂದು, ‘ಫ್ಯಾಮಿಲಿಗೆ ಮಾತ್ರ’. ಮೊದಲನೆಯದನ್ನು ಓದಿದಾಗ ನನಗೆ ನಗು ಬರುತ್ತದೆ. ಮಂಜೀರಾ ನಮ್ಮ ಹೊಳೆ. ಬೀದರ ಜಿಲ್ಲೆ ದಾಟಿ, ನ್ಯಾಲಕಲ್, ನಾರಾಯಣಖೇಡದ ಕಡೆ ಹರಿದು, ಸಿಂಗೂರಿನ ಅಣೆಕಟ್ಟಿನಲ್ಲಿ ನಿಂತು, ಆಮೇಲೆ ಕೊಳವೆಯೊಳಗೆ ರಾಜಧಾನಿ ಸೇರುತ್ತದೆ. ನಮ್ಮ ಹೊಳೆಗೆ ಆ ಊರಿನ ಅಡಿಗೆಮನೆಗಳಲ್ಲಿ ಅಷ್ಟು ಮರ್ಯಾದೆ. ಅದರ ಹಿಂದೆಯೇ ಟ್ರಂಕು ಹೊತ್ತು ಹೋಗುವ ಮೊಗುಡಂಪಲ್ಲಿಯ ಹುಡುಗನಿಗೆ ಮಾತ್ರ ‘ಬ್ಯಾಚಲರಿಗೆ ಕೊಡೋದಿಲ್ಲ’.

ಜೂನ್ ಬಂತೆಂದರೆ ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ಈ ಟ್ರಂಕುಗಳು ಕಾಣುತ್ತವೆ. ಜೊತೆಗೆ ಜೋಳದ ಹಿಟ್ಟಿನ ಚೀಲ, ಖಾರಪುಡಿ ಡಬ್ಬಿ, ಒಂದು ಹಾಸಿಗೆ ಸುರುಳಿ. ಎಲ್ಲಿ ಓದಬೇಕೆಂಬುದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಎಲ್ಲಿ ಇರಬೇಕೆಂಬುದನ್ನು ‘ಹೋಗಿ ನೋಡೋಣ’ ಎಂದು ಬಿಟ್ಟಿರುತ್ತಾರೆ. ಈ ‘ಹೋಗಿ ನೋಡೋಣ’ದ ಬಗ್ಗೆಯೇ ಇವತ್ತು ನನ್ನ ಮಾತು.

ನಮ್ಮ ಭಾಗದವರ ಲೆಕ್ಕ ಉಳಿದವರಿಗಿಂತ ಸ್ವಲ್ಪ ಗೋಜಲು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಬಿದ್ದಾಗ, ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಆಂಧ್ರದ ಪಾಲಾದವು. ಮನೆಮಾತು ಕನ್ನಡ, ಸಂತೆಮಾತು ತೆಲುಗು, ಬಸ್ಸಿನಲ್ಲಿ ಜಗಳಕ್ಕೆ ದಖನಿ. ಹೀಗಿರುವ ಹುಡುಗ ಕನ್ನಡದ ಊರೆಂದು ಬೀದರಕ್ಕೋ ಕಲಬುರಗಿಗೋ ಹೋದರೆ ಅಲ್ಲಿ ಹೊರರಾಜ್ಯದವನು. ಸಂವಿಧಾನದ 371(ಜೆ) ಕಲಂ ಕೊಡುವ ಸೀಟಿನ ಮೀಸಲಾತಿ ಅಲ್ಲಿನ ಸ್ಥಳೀಯರಿಗೆ, ಇವನಿಗಲ್ಲ. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಲು ಹೋದರೆ ಮೊದಲು ಕೇಳುವುದೇ ಯಾವ ರಾಜ್ಯದ ಪ್ರಮಾಣಪತ್ರ ಎಂದು. ಹಾಗಾಗಿ ಗಡಿ ದಾಟುವ ಮಕ್ಕಳು ಖಾಸಗಿ ಖೋಲಿಯ ಖರ್ಚನ್ನು ಮೊದಲೇ ಹಿಡಿದು ಹೊರಡುವುದು ಒಳ್ಳೆಯದು.

ಖೋಲಿ ಬೇಕೇ ಬೇಕೇ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಬೇಕು. ಜಹೀರಾಬಾದಿನಿಂದ ಬೀದರ ಸುಮಾರು 30 ಕಿಲೋಮೀಟರು, ಸಂಗಾರೆಡ್ಡಿ 50ರ ಆಸುಪಾಸು. ಅಪ್-ಡೌನ್ ಮಾಡಿ ಓದಿದವರು ನಮ್ಮಲ್ಲಿ ಬೇಕಾದಷ್ಟು ಜನ. ಹೆಣ್ಣುಮಕ್ಕಳಿಗೆ ಈ ಲೆಕ್ಕ ಈಚೆಗೆ ಬದಲಾಗಿದೆ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ರುದ್ರಾರಂ, ಪಟಾಂಚೆರುವಿನ ಕಾಲೇಜಿಗೆ ಹೋಗುವ ಹುಡುಗಿಗೆ ಅದು ತಿಂಗಳ ಬಾಡಿಗೆ ಉಳಿಸಿದ ಹಾಗೆ. ಅದೇ ಹುಡುಗಿ ಬೀದರದ ಬಸ್ಸು ಹತ್ತಿದರೆ ಆ ಸೌಲಭ್ಯ ಗಡಿಯ ತನಕ ಮಾತ್ರ. ಕರ್ನಾಟಕದ ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಚೀಟಿ ಬೇಕು. ಒಂದೇ ಹೊಲದ ಬದುವಿನಂತಿರುವ ಗಡಿ, ಕಂಡಕ್ಟರ್ ಕೈಯ ಮಶೀನಿಗೆ ಮಾತ್ರ ಎಷ್ಟು ಚೆನ್ನಾಗಿ ಕಾಣಿಸುತ್ತದೆ ನೋಡಿ.

ಇರಲಿ, ಹೈದರಾಬಾದಿಗೆ ಬರೋಣ. ಅಲ್ಲಿ ಓದುವವರಿಗೆ ಸಿಗುವುದು ಮೂರು ತರಹದ ಜಾಗ. ಮೊದಲನೆಯದು ಹಾಸ್ಟೆಲು. ಅಮೀರ್‌ಪೇಟ, ಎಸ್.ಆರ್. ನಗರ, ದಿಲ್‌ಸುಖ್‌ನಗರದಲ್ಲಿ ಬೀದಿಗೆ ಹತ್ತು. ಮಾರುವುದು ಖೋಲಿಯನ್ನಲ್ಲ, ಮಂಚವನ್ನು: ಟೂ ಶೇರಿಂಗ್, ಥ್ರೀ ಶೇರಿಂಗ್, ಫೈವ್ ಶೇರಿಂಗ್. ಊಟ ಅದರಲ್ಲೇ ಸೇರಿರುತ್ತದೆ. ಎರಡನೆಯದು ಪೋರ್ಷನ್, ಅಂದರೆ ಮಾಲೀಕರ ಮನೆಯದೇ ಒಂದು ಭಾಗ. ಮೂರನೆಯದಕ್ಕೆ ಆ ಊರಿನಲ್ಲಿ ಪೆಂಟ್‌ಹೌಸ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ಕಟ್ಟಿದ ಒಂಟಿ ಖೋಲಿ, ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಅದು ಒಲೆ. ಪರೀಕ್ಷೆ ಇರುವುದೂ ಆಗಲೇ. ಆದರೆ ಬಾಡಿಗೆ ಕಡಿಮೆ, ಕೆಳಗೆ ಮಾಲೀಕರ ಕಾಟವೂ ಕಡಿಮೆ. ಮೂವರು ಕೂಡಿ ಅನ್ನ ಮಾತ್ರ ಬೇಯಿಸಿಕೊಂಡು, ಬೀದಿ ತುದಿಯ ಕರಿ ಪಾಯಿಂಟಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಪಪ್ಪು, ಸಾಂಬಾರು, ಪಲ್ಯ ಕಟ್ಟಿಸಿಕೊಂಡು ಬಂದರೆ ತಿಂಗಳು ಕಳೆಯುತ್ತದೆ. ಗ್ಯಾಸಿಗೆ ಐದು ಕಿಲೋದ ಸಣ್ಣ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ಪುರಾವೆ ಕೇಳುವುದಿಲ್ಲ. ಬೀದಿಬದಿಯಲ್ಲಿ ಕಳ್ಳಗ್ಯಾಸು ತುಂಬಿಸುವವರ ಹತ್ತಿರ ಹೋಗುವ ಕಾರಣವೇ ಇಲ್ಲ.

ಹಲಗೆಯ ಮೇಲಿನ ಬಾಡಿಗೆ ಅರ್ಧ ಸತ್ಯ. ಕರೆಂಟಿಗೆ ಬೇರೆ ಮೀಟರ್ ಇದೆಯೇ ಕೇಳಿ. ಯೂನಿಟ್ ಹೆಚ್ಚಾದಂತೆ ದರ ಏರುವ ಸ್ಲ್ಯಾಬ್ ಪದ್ಧತಿ ಇರುವುದರಿಂದ, ಮೂರು ಮನೆಗೆ ಒಂದೇ ಮೀಟರಿದ್ದರೆ ಒಂದು ಫ್ಯಾನು, ಒಂದು ಲೈಟು ಉರಿಸುವವನೂ ಮೇಲಿನ ದರವನ್ನೇ ಕಟ್ಟಬೇಕಾಗುತ್ತದೆ. ಹಾಸ್ಟೆಲ್ ಬಿಲ್ಲಿನ ಮೇಲೆ ಯಾರಾದರೂ ಜಿ.ಎಸ್.ಟಿ. ಎಂದು ಬರೆದರೆ ಪ್ರಶ್ನೆ ಮಾಡಿ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಎಡೆಬಿಡದೆ ಇರುವ ವಸತಿಗೆ 2024ರ ಜುಲೈ ತಿಂಗಳಿಂದ ಆ ತೆರಿಗೆ ಇಲ್ಲ.

ಹೋದ ವರ್ಷ ತಂಗಿಯ ಮಗಳಿಗೆ ಜಾಗ ಹುಡುಕಲು ನಾನೇ ಜೊತೆಗೆ ಹೋಗಿದ್ದೆ. ಮೊದಲ ಹಾಸ್ಟೆಲಿನಲ್ಲಿ ರಿಸೆಪ್ಷನ್ನು ಬಲು ಚೆಂದ, ಮೀನಿನ ತೊಟ್ಟಿ ಕೂಡ ಇತ್ತು. ನಾನು ರೇಟು ಕೇಳುತ್ತ ಕೂತೆ. ಹುಡುಗಿ ಚಪ್ಪಲಿ ಬಿಟ್ಟು ಮೇಲೆ ಹೋದಳು. ಹತ್ತು ನಿಮಿಷಕ್ಕೆ ಇಳಿದು ಬಂದು ನನ್ನ ಕಿವಿಯ ಹತ್ತಿರ, “ಮಾಮಾ, ಇಲ್ಲಿ ಬ್ಯಾಡ್ರಿ” ಅಂದಳು. ಹೊರಗೆ ಬಂದ ಮೇಲೆ ವರದಿ ಒಪ್ಪಿಸಿದಳು. ಬಚ್ಚಲಿನ ಬಕೀಟಿನ ಒಳಗೆ ಸುಣ್ಣದಂತೆ ಬಿಳಿ ಪದರ, ಅಂದರೆ ಮಂಜೀರಾ ಅಲ್ಲ, ಬರೀ ಬೋರ್ ನೀರು. ಎಲ್ಲ ಕಿಟಕಿಗೂ ಗಟ್ಟಿ ಕಬ್ಬಿಣದ ಜಾಲರಿ, ಇಳಿಯಲು ಒಂದೇ ಮೆಟ್ಟಿಲು, ಆ ಮೆಟ್ಟಿಲ ಬುಡದಲ್ಲಿ ಸಿಲಿಂಡರುಗಳ ಸಾಲು. ರಾತ್ರಿ ಹತ್ತಕ್ಕೆ ಹೊರಗಿನಿಂದ ಬೀಗ, ಕೀಲಿ ವಾರ್ಡನ್ ಹತ್ತಿರ. ವಾರ್ಡನ್ ಮಲಗುವುದು ಬೇರೆ ಕಟ್ಟಡದಲ್ಲಿ. ಇಷ್ಟನ್ನೂ ಅವಳಿಗೆ ಹೇಳಿದವಳು ಮೇಲಿನ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ತಾಂಡೂರಿನ ಒಬ್ಬ ಹುಡುಗಿ. ಕನ್ನಡದಲ್ಲೇ ಹೇಳಿದಳಂತೆ.

ಬೀಗ ಹಾಕುವುದನ್ನೇ ಸುರಕ್ಷೆ ಎಂದುಕೊಳ್ಳುವ ತಂದೆತಾಯಿಗಳಲ್ಲಿ ನಾನೂ ಒಬ್ಬ. ಬೆಂಕಿ ಬಿದ್ದರೆ ಅದೇ ಬೀಗ ಏನಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ, ಹುಡುಗಿಗೆ ಹೊಳೆಯಿತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದು: ಜಾಗ ನೋಡಲು ಹೋದಾಗ ಅಲ್ಲಿ ಇರಬೇಕಾದ ಮಕ್ಕಳನ್ನೇ ಮೇಲೆ ಕಳಿಸಿ, ನೀವು ಕೆಳಗೆ ಕೂತು ಮೀನು ನೋಡಿ. ಸಾಧ್ಯವಾದರೆ ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ. ಬೆಳಿಗ್ಗೆ ಹೂವಿನಂಗಡಿ ಇದ್ದ ತಿರುವಿನಲ್ಲಿ ರಾತ್ರಿ ದೀಪವೇ ಇರುವುದಿಲ್ಲ. ಜಹೀರಾಬಾದಿನ ಬಸ್ಸು ಊರು ಹೊಗುವುದು ಪಟಾಂಚೆರು, ಮಿಯಾಪುರದ ಕಡೆಯಿಂದ. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವ ಮೆಟ್ರೋ ಕೂಕಟ್‌ಪಲ್ಲಿ, ಅಮೀರ್‌ಪೇಟ, ದಿಲ್‌ಸುಖ್‌ನಗರ ಮೂರನ್ನೂ ಮುಟ್ಟುತ್ತದೆ. ಆ ಗೆರೆಯ ಆಸುಪಾಸಿನಲ್ಲಿ ಖೋಲಿ ಹಿಡಿದರೆ ಶನಿವಾರ ಸಂಜೆ ಊರಿಗೆ ಹೊರಟ ಹುಡುಗಿ ಎರಡು ಸಲ ಆಟೋದವರ ಜೊತೆ ಚೌಕಾಶಿ ಮಾಡಬೇಕಿಲ್ಲ. ಏನಾದರೂ ಆದರೆ 112, ಹೆಣ್ಣುಮಕ್ಕಳಿಗೆ 181. ಹೈದರಾಬಾದಿನಲ್ಲಿ 2014ರಿಂದ ಪೊಲೀಸರ ಶೀ ಟೀಮ್‌ಗಳೂ ಇವೆ.

ಇನ್ನು ದುಡ್ಡಿನ ಮಾತು. ನಾನು ಓದುವ ಕಾಲದಲ್ಲಿ ಚಿಕ್ಕಡಪಲ್ಲಿಯಲ್ಲಿ ಒಂದು ಖೋಲಿಗೆ ಎರಡು ತಿಂಗಳ ಅಡ್ವಾನ್ಸು ಎಣಿಸಿದೆ. ಎಣಿಸಿಕೊಂಡವನು ಪಾನ್ ಕೊಡಿಸಿದ. ಹದಿನೈದನೇ ದಿನ ಬಾಗಿಲು ತಟ್ಟಿದವರು ಮನೆಯ ನಿಜವಾದ ಮಾಲೀಕರು. ಪಾನ್ ಕೊಡಿಸಿದವನು ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿ ಹೋದ ಹಳೆಯ ಬಾಡಿಗೆದಾರ. ಅಪ್ಪ ಒಂದು ಎಮ್ಮೆ ಮಾರಿ ಕೊಟ್ಟ ದುಡ್ಡು ಅದು. ಕರೆಂಟ್ ಬಿಲ್ಲೋ ಮನೆ ತೆರಿಗೆಯ ರಸೀದಿಯೋ ಯಾರ ಹೆಸರಿನಲ್ಲಿದೆ ನೋಡಿ, ಆ ಹೆಸರಿನವರ ಕೈಗೇ ದುಡ್ಡು ಕೊಡಬೇಕು ಎಂದು ಹೇಳುವವರು ಆಗ ಯಾರೂ ಇರಲಿಲ್ಲ. ಈಗಿನ ಮೋಸಕ್ಕೆ ಪಾನಿನ ಖರ್ಚೂ ಇಲ್ಲ. ಫೋನಿನಲ್ಲಿ ಚೆಂದದ ಖೋಲಿಯ ಫೋಟೋ, ‘ನಾನು ಮಿಲಿಟರಿಯವನು, ಊರಲ್ಲಿಲ್ಲ, ಟೋಕನ್ ಹಾಕಿ’ ಎಂಬ ಮಾತು, ಜೊತೆಗೆ ಸ್ಕ್ಯಾನ್ ಮಾಡಲು ಒಂದು ಚೌಕಟ್ಟು. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಹೋಗಿಬಿಟ್ಟರೆ ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಮರುದಿನ ಅಲ್ಲ.

ಬಾಡಿಗೆ ಕರಾರು ಯಾವಾಗಲೂ ಹನ್ನೊಂದು ತಿಂಗಳಿಗೇ ಏಕೆ ಎಂದು ಅನೇಕರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ. ಅಷ್ಟಾದರೂ ಕಾಗದ ಕಾಗದವೇ. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಬಣ್ಣದ ಹೆಸರಿನಲ್ಲಿ ಎಷ್ಟು ಹಿಡಿಯುತ್ತಾರೆ, ಈ ಮೂರು ಬರೆದಿದ್ದರೆ ಮುಕ್ಕಾಲು ಜಗಳ ಹುಟ್ಟುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಮಾದರಿ ಎಂದರೆ ಮಾದರಿ. ರಾಜ್ಯ ಒಪ್ಪಿದರೆ ಮಾತ್ರ ಜಾರಿ. ಬೆಂಗಳೂರಿಗೆ ಹೋಗುವವರು ಹತ್ತು ತಿಂಗಳ ಅಡ್ವಾನ್ಸಿನ ಮಾತು ಕೇಳಿ ಎದೆ ಹಿಡಿದುಕೊಳ್ಳುವುದುಂಟು. ಅದು ಆ ಊರಿನ ರೂಢಿಯೇ ಹೊರತು ಕಾನೂನಲ್ಲ. ಕೇಳಿದರೆ ಇಳಿಯುತ್ತದೆ.

ಹಿಂದೆ ಈ ಕಾಗದದ ಕೆಲಸವನ್ನು ಗುರುತು ಮಾಡುತ್ತಿತ್ತು. ‘ಇವ ನಮ್ಮವ’ ಎನ್ನುವವರು ಒಬ್ಬರಿದ್ದರೆ ಸಾಕು. ವಾರಕ್ಕೆ ಏಳು ಮನೆ ಹಿಡಿದು ವಾರಾನ್ನ ಉಂಡು ಓದಿದವರು, ತುಮಕೂರಿನ ಸಿದ್ಧಗಂಗೆಯಂಥ ಮಠಗಳಲ್ಲಿ ಪ್ರಸಾದದ ಮೇಲೆ ಬೆಳೆದವರು ಕನ್ನಡನಾಡಿನಲ್ಲಿ ಸಾವಿರಾರು. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದ 1918ರಲ್ಲೇ ರೆಡ್ಡಿ ಹಾಸ್ಟೆಲೂ ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಗುರುತು ಎಂಬುದು ಬಾಗಿಲು ತೆರೆಯುವಂತೆ ಮುಚ್ಚಲೂ ಬಲ್ಲದು. ಅದರ ಹಿಂದಿನ ವರ್ಷ, 1917ರಲ್ಲಿ, ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಿಳಿದ ಅಂಬೇಡ್ಕರ್ ಅವರಿಗೆ ಆ ಇಡೀ ಊರಿನಲ್ಲಿ ಒಂದು ಖೋಲಿ ಸಿಗಲಿಲ್ಲ. ಪಾರಸಿಗಳ ವಸತಿಗೃಹದಲ್ಲಿ ಪಾರಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು.

ಇವತ್ತು ದೊಣ್ಣೆ ಇಲ್ಲ, ‘ವೆಜ್ಜಾ, ನಾನ್‌ವೆಜ್ಜಾ’ ಎಂಬ ಪ್ರಶ್ನೆ ಇದೆ. ಅಡ್ಡಹೆಸರು ಕೇಳಿದ ಮೇಲೆ ‘ನಿನ್ನೆಯೇ ಬೇರೆಯವರಿಗೆ ಮಾತಾಯಿತು’ ಎಂಬ ಉತ್ತರ ಇದೆ. ನಮ್ಮ ಊರುಗಳ ದಲಿತ, ಮುಸ್ಲಿಂ ಮಕ್ಕಳು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಅಂಥ ಮನೆಯ ಮುಂದೆ ವಾದ ಮಾಡಿ ಒಳಗೆ ಹೋದರೂ ನೆಮ್ಮದಿಯಿಂದ ಓದಲಾಗದು. ಆಗ ದಾರಿ ಹಾಕಿಕೊಡುವವರು ತಾವು ಸೇರಿದ ಕಾಲೇಜಿನ ಹಿರಿಯ ವಿದ್ಯಾರ್ಥಿಗಳೇ. ಖೋಲಿ ಖಾಲಿಯಾಗುವ ಸುದ್ದಿ ಹಲಗೆ ತೂಗುವ ಮುಂಚೆ ಗೊತ್ತಾಗುವುದು ಅವರಿಗೆ. ಮೂರು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಅಂಥವರ ಸ್ನೇಹ ಕಷ್ಟವಲ್ಲ. ಹಲಗೆಯನ್ನು ತೆಲುಗಿನಲ್ಲಿ ಓದಿ, ಮಾಲೀಕರ ಹತ್ತಿರ ದಖನಿಯಲ್ಲಿ ಬಾಡಿಗೆ ಇಳಿಸಿ, ತಾಂಡೂರಿನ ಹುಡುಗಿಯಿಂದ ಕನ್ನಡದಲ್ಲಿ ನಿಜ ತಿಳಿದುಕೊಳ್ಳುವ ಅನುಕೂಲ ಎಲ್ಲರಿಗೂ ಎಲ್ಲಿ ಬರಬೇಕು!

ತಂಗಿಯ ಮಗಳಿಗೆ ಕೊನೆಗೆ ಮೆಟ್ರೋ ಕಂಬದಿಂದ ನಾಲ್ಕನೇ ಗಲ್ಲಿಯಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಪೋರ್ಷನ್ ಸಿಕ್ಕಿತು. ಸಾಮಾನು ಇಳಿಸುವ ಮುಂಚೆ ಖೋಲಿಯ ಫೋಟೋ ತೆಗೆದು ಮಾಲೀಕರಿಗೂ ನನಗೂ ವಾಟ್ಸ್ಯಾಪ್ ಮಾಡು, ಬಿಡುವಾಗ ಒಡೆದದ್ದು ಯಾರು ಎಂಬ ತಕರಾರು ಬೇಡ ಎಂದು ಹೇಳಿದ್ದೆ. ಸಂಜೆ ಫೋನು ಬಂತು.

“ಮಾಮಾ, ಇಪ್ಪತ್ತೇಳು ಫೋಟೋ ಕಳಿಸೀನಿ. ಗೋಡಿ, ಫ್ಯಾನು, ಒಡೆದ ಕನ್ನಡಿ ಎಲ್ಲಾ ಅದಾವ. ಸಾಕೇನ್ರಿ?”

“ನಳದ್ದು?”

“ನಳದ್ದೂ ಐತಿ.”

“ಬಂದ್ ಮಾಡಿದ್ದು ಬ್ಯಾಡವ್ವ, ನೀರು ಬಿಟ್ಟು ತೆಗಿ.”