ಒಡೆಯದೆ ಒಳಗನ್ನು ಅರಿಯುವ ಬಗೆ



ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಕಡೆ ತೆಂಗಿನ ತೋಟದವರ ಮನೆಗೆ ಹೋದರೆ ಅಟ್ಟದ ಮೇಲೆ ಕಾಯಿಯ ರಾಶಿಯನ್ನು ಕಾಣುತ್ತೀರಿ. ತಿಂಗಳುಗಟ್ಟಲೆ ಒಣಗಿದ ಮೇಲೆ ಮನೆಯ ಹಿರಿಯರು ಒಂದು ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಲವಿದೆ. ಗಿಟುಕು ಗಡಗಡನೆ ಉರುಳಿದರೆ ಕೊಬ್ಬರಿ ಸಿದ್ಧ. ಒಡೆದು ನೋಡುವ ಅಗತ್ಯವೇ ಇಲ್ಲ. ಸದ್ದೇ ಸುದ್ದಿ ಹೇಳುತ್ತದೆ.

ಜೀವವಿಜ್ಞಾನಿಗೂ ಇಂಥದೇ ಒಂದು ಸದ್ದು ಬೇಕಾಗಿತ್ತು. ಜೀವಕೋಶದೊಳಗೆ ಒಂದು ಪ್ರೋಟೀನು ತಯಾರಾಗುತ್ತಿದೆಯೇ, ಎಷ್ಟು, ಯಾವಾಗ ಎಂಬುದು ಕಣ್ಣಿಗೆ ಕಾಣುವಂಥದಲ್ಲ. ಈ ತೊಡಕಿಗೆ ಪರಿಹಾರ ಒದಗಿಸಿದ್ದು ನಮ್ಮ ತೋಟಗಳಲ್ಲಿಯೂ ಹಾರಾಡುವ ಮಿಣುಕುಹುಳುವಿನ ಕುಲ.

ಮಿಣುಕುಹುಳುವಿನ ಬೆಳಕು ಲೂಸಿಫೆರೇಸ್ ಎಂಬ ಕಿಣ್ವದ ಕೆಲಸ. ಲೂಸಿಫೆರಿನ್ ಎಂಬ ದ್ರವ್ಯ, ಆಮ್ಲಜನಕ, ಜೀವಕೋಶದ ಶಕ್ತಿದ್ರವ್ಯವಾದ ಎ.ಟಿ.ಪಿ. ಇವು ಮೂರೂ ಕೂಡಿದಾಗ ಈ ಕಿಣ್ವ ಬೆಳಕನ್ನು ಹೊಮ್ಮಿಸುತ್ತದೆ. ಅಮೆರಿಕದ ವಿಜ್ಞಾನಿಗಳು 1985ರಲ್ಲಿ ಇದರ ಜೀನನ್ನು ಬೇರ್ಪಡಿಸಿದರು. 1986ರಲ್ಲಿ ಅದನ್ನು ಹೊತ್ತ ತಂಬಾಕಿನ ಗಿಡವೊಂದು ಕತ್ತಲಲ್ಲಿ ಹೊಳೆಯಿತು. ತಮಗೆ ಬೇಕಾದ ಪ್ರೋಟೀನಿನ ತಯಾರಿಕೆಯನ್ನು ಆರಂಭಿಸುವ ಜೀನಿನ ಗುಂಡಿಗೆ ಈ ಕಿಣ್ವದ ಜೀನನ್ನೂ ಜೋಡಿಸಿದರಾಯಿತು. ಗುಂಡಿ ಒತ್ತಿದಾಗ ಬೆಳಕು ಬರುತ್ತದೆ. ಬೆಳಕು ಹೆಚ್ಚಿದಷ್ಟೂ ತಯಾರಿಕೆ ಹೆಚ್ಚು.

ಆದರೆ ಈ ಕಿಣ್ವಕ್ಕೆ ಬಿಸಿ ಆಗದು. ಮನುಷ್ಯದೇಹದ 37 ಡಿಗ್ರಿಯಲ್ಲಿ ಅದು ಬೇಗ ಸೊರಗುತ್ತದೆ. ಜಪಾನಿನ ಸಂಶೋಧಕರು ಕಿಣ್ವದ 217ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ, ಅದು ಬಿಸಿಯನ್ನು ಹೆಚ್ಚು ತಾಳುವಂತೆ ಮಾಡಿದ ಸಂಗತಿಯನ್ನು 1993ರಲ್ಲಿ ಪ್ರಕಟಿಸಿದರು. ಸಾವಿರಾರು ಕಾಯಿಗಳ ರಾಶಿಯಲ್ಲಿ ಒಂದನ್ನು ಸರಿಸಿ ಇಡೀ ರಾಶಿಯನ್ನು ಭದ್ರಪಡಿಸಿದಂತೆ!

ಇದರಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ಕ್ಷಯರೋಗದ ಕ್ರಿಮಿ ಬೆಳೆಯುವುದು ಬಹಳ ನಿಧಾನ. ರೋಗಿಗೆ ಯಾವ ಔಷಧ ನಾಟುತ್ತದೆಂದು ಅದನ್ನು ಬೆಳೆಸಿ ತಿಳಿಯಲು ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ನಾಟದ ಔಷಧವನ್ನೇ ನುಂಗುತ್ತ ರೋಗಿ ಕುಗ್ಗಬಹುದು. ಅದೇ 1993ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಕ್ರಿಮಿಯನ್ನು ಹಿಡಿಯುವ ವೈರಸ್ಸಿನ ಮೂಲಕ ಈ ಜೀನನ್ನು ಕ್ರಿಮಿಯೊಳಕ್ಕೆ ಕಳುಹಿಸಿದರು. ಔಷಧ ಹಾಕಿದ ಮೇಲೂ ಬೆಳಕು ಬಂದರೆ ಕ್ರಿಮಿ ಬದುಕಿದೆ. ಬೆಳಕು ನಂದಿದರೆ ಔಷಧ ನಾಟಿದೆ.

ಆದರೂ ಒಂದು ಎಚ್ಚರಿಕೆ ಬೇಕು. ಕೆಲವು ರಾಸಾಯನಿಕಗಳು ಲೂಸಿಫೆರೇಸನ್ನೇ ತಡೆಯುತ್ತವೆ. ಆಗ ಪ್ರೋಟೀನು ತಯಾರಾಗುತ್ತಿದ್ದರೂ ಬೆಳಕು ಕಾಣದು. ಅದಕ್ಕಾಗಿಯೇ ಕಡಲಜೀವಿಯಿಂದ ಪಡೆದ ಇನ್ನೊಂದು ಬೆಳಗುವ ಕಿಣ್ವವನ್ನು ಜೊತೆಗಿಟ್ಟು, ಎರಡರ ಸಾಕ್ಷ್ಯವನ್ನೂ ತಾಳೆ ನೋಡುತ್ತಾರೆ.

ಒಂದು ಕಾಯಿ ಗಡಗಡಿಸಿತೆಂದು ನಮ್ಮ ಹಿರಿಯರು ಇಡೀ ಅಟ್ಟವನ್ನು ಇಳಿಸುವವರಲ್ಲ. ಇನ್ನೆರಡನ್ನು ಅಲುಗಿಸಿ ನೋಡುತ್ತಾರೆ. ವಿಜ್ಞಾನದ ವಿವೇಕವೂ ಅಂಥದೇ.