ನೀಲಿ ಮಾತ್ರೆಗೆ ಹೆದರಬೇಡಿ

 

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ಕೆಲವು ಹೆಣ್ಣುಮಕ್ಕಳು ಅದನ್ನು ನಾಲಿಗೆಯ ಕೆಳಗೆ ಅಡಗಿಸಿ, ನಲ್ಲಿಯ ಬಳಿ ಹೋಗಿ ಉಗಿಯುವುದನ್ನು ಕಂಡಿದ್ದೇನೆ. ಕೇಳಿದರೆ, "ಅಮ್ಮೀ ಬೇಡವೆಂದಿದ್ದಾರೆ ಟೀಚರ್, ಅದು ಮುಂದೆ ಮಕ್ಕಳಾಗದಂತೆ ಮಾಡುವ ಮಾತ್ರೆಯಂತೆ" ಎನ್ನುತ್ತಾರೆ. ಈ ಒಂದು ಮಾತಿನ ಬಗ್ಗೆಯೇ ಇಂದು ತಮ್ಮಲ್ಲಿ ವಿನಂತಿಸಬಯಸುತ್ತೇನೆ.

ಆ ಮಾತ್ರೆಯಲ್ಲಿರುವ ಔಷಧಿ ಎರಡೇ: 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತ ಉತ್ಪತ್ತಿಯಾಗಲು ಇವೆರಡೂ ಬೇಕು.

ಫೋಲಿಕ್ ಆಮ್ಲದ ಚರಿತ್ರೆಯಲ್ಲಿ ನಮ್ಮ ಸಮುದಾಯದ ತಾಯಂದಿರೂ ಇದ್ದಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಲು ಮುಂಬಯಿಗೆ ಬಂದರು. ಬಡ ಮುಸ್ಲಿಂ ಮಹಿಳೆಯರ ಆಹಾರವೇ ಅತ್ಯಂತ ಸತ್ವಹೀನವಾಗಿತ್ತು, ರೋಗವೂ ಅವರನ್ನೇ ಹೆಚ್ಚಾಗಿ ಕಾಡುತ್ತಿತ್ತು. ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದುದು ಫೋಲೇಟ್ ಎಂಬ ಜೀವಸತ್ವವೆಂದು ಮುಂದೆ ತಿಳಿಯಿತು. ಅದರ ಮಾತ್ರೆಯ ರೂಪವೇ ಫೋಲಿಕ್ ಆಮ್ಲ.

ಇದು ಸಂತಾನಕ್ಕೆ ಮಾರಕವೇ? ಸಂಶೋಧನೆ ಹೇಳುವುದು ತದ್ವಿರುದ್ಧ. ಹಿಂದೆ ಮೆದುಳು, ಬೆನ್ನುಹುರಿಯ ದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಗರ್ಭಧಾರಣೆಗೆ ಮುನ್ನವೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟಾಗ, ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಅಂದರೆ ಇದು ಮಗುವನ್ನು ಕಾಪಾಡುವ ಔಷಧಿ.

ಇನ್ನು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗಿಯನ್ನು ನಾವು ಸೋಮಾರಿ ಎನ್ನುತ್ತೇವೆ. ಅವಳಿಗೆ ರಕ್ತದ ಕೊರತೆಯಿರಬಹುದೆಂದು ಯೋಚಿಸುವುದಿಲ್ಲ.

ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ. ರೊಟ್ಟಿಯ ಜೊತೆಗೇ ಚಹಾ ಕುಡಿಯುವುದು ನಮ್ಮ ಅಭ್ಯಾಸ. ಊಟದೊಂದಿಗೆ ಕುಡಿದ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡದು. ಒಂದು ಗಂಟೆ ಬಿಟ್ಟು ಕುಡಿದರೆ ಈ ನಷ್ಟ ಕಡಿಮೆಯಾಗುತ್ತದೆಂದು 2017ರ ಬ್ರಿಟನ್ನಿನ ಅಧ್ಯಯನವೊಂದು ತಿಳಿಸಿದೆ. ಸೊಪ್ಪು, ಬೇಳೆಕಾಳುಗಳಿಗೆ ನಿಂಬೆರಸ ಹಿಂಡಿ. ಸಾಧ್ಯವಾದಾಗ ಮಾಂಸ ಕೊಡಿ, ಅದರಲ್ಲಿನ ಕಬ್ಬಿಣಾಂಶ ಸುಲಭವಾಗಿ ದಕ್ಕುತ್ತದೆ. ಖರ್ಜೂರ ಒಳ್ಳೆಯದೇ, ಆದರೆ ಅದೊಂದರಿಂದಲೇ ರಕ್ತಹೀನತೆ ನೀಗದು.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿಸಬೇಡಿ, ಊಟದ ನಂತರ ಕೊಡಿ. ಮಲ ಕಪ್ಪಾದರೆ ಗಾಬರಿಯಾಗಬೇಡಿ, ಅದು ಕಬ್ಬಿಣದ ಬಣ್ಣ. ಥಲಸ್ಸೀಮಿಯಾದಂತಹ ಕಾಯಿಲೆಯಿರುವ ಮಕ್ಕಳ ಪೋಷಕರು ಮಾತ್ರ ಮೊದಲು ವೈದ್ಯರನ್ನು ವಿಚಾರಿಸಲಿ.

ತಾಯಂದಿರೇ, ಮಕ್ಕಳ ಆರೋಗ್ಯ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಸಂಶಯವಿದ್ದರೆ ಶಾಲೆಗೆ ಬನ್ನಿ, ವೈದ್ಯರನ್ನು ಕೇಳಿ. ಯಾರೋ ಹೇಳಿದ ಮಾತು ಕೇಳಿ ಮಗಳಿಗೆ "ಉಗಿದು ಬಾ" ಎನ್ನಬೇಡಿ. "ನುಂಗಿದೆಯಾ ಬೇಟಿ?" ಎಂದು ಕೇಳಿ, ಅಷ್ಟು ಸಾಕು.